ಅಮೋಘಸಿದ್ದನ ತೂತಿನ ಡಬ್ಬಾ

ಟಿಕೋಟಾ ರಸ್ತೆಯಲ್ಲಿ ವಿಜಯಪುರ ಮುಗಿದು ಹೊಲಗಳು ಶುರುವಾಗುವ ಕಡೆ ಅಮೋಘಸಿದ್ದನ ತಗಡಿನ ಅಂಗಡಿ. ಕಾರಿನ ಡಿಕ್ಕಿಯಲ್ಲಿ ಕೂಡುವ ಬೇಸ್ ಸ್ಪೀಕರಿಗೆ ಕಟ್ಟಿಗೆಯ ಡಬ್ಬಾ ಮಾಡುವುದು ಅವನ ಕಸುಬು. ನಗಬೇಡಿ, ಅದೂ ಒಂದು ಕಸುಬೇ. ಸ್ಪೀಕರು ಎಷ್ಟೇ ಭಾರಿಯದಿರಲಿ, ಡಬ್ಬಾ ಸರಿಯಿಲ್ಲದಿದ್ದರೆ ಹರಿದ ಚಪ್ಪಲಿಯಂತೆ ಪಟಪಟ ಅನ್ನುತ್ತದೆ. ಎಲ್ಲ ಕಡೆ ಮುಚ್ಚಿದ ಬಂದ್ ಡಬ್ಬಾ ಇಟ್ಟರೆ ಏಟಿಗೆ ಏಟು ಬಿಡಿಬಿಡಿಯಾಗಿ, ಗಟ್ಟಿಯಾಗಿ ಬೀಳುತ್ತದೆ. ಸಪ್ಪಳ ಮಾತ್ರ ತುಸು ಕಡಿಮೆ. ತೂತಿನ ಡಬ್ಬಾ ಇಟ್ಟರೆ ಅದೇ ಸ್ಪೀಕರು ಸೀಟು ನಡುಗುವ ಹಾಗೆ ಗುಡುಗುತ್ತದೆ. ಆದರೆ ತೂತಿನ ಅಳತೆ ತಪ್ಪಿತೋ, ಒಳಗಿನ ಗಾಳಿ ಹೊರಗೆ ನುಗ್ಗುವಾಗ ಸೀಟಿ ಹೊಡೆಯುತ್ತದೆ.

ಅಮೋಘಸಿದ್ದ ಮಮದಾಪುರದ ಡೊಳ್ಳಿನ ಮನೆತನದವನು. ಅಪ್ಪನ ಡೊಳ್ಳಿಗೆ ಹಗ್ಗ ಬಿಗಿಯುತ್ತ ಬೆಳೆದ. ಶಹರಕ್ಕೆ ಬಂದು ಬಡಿಗತನ ಕಲಿತ, ಎರಡನ್ನೂ ಕೂಡಿಸಿ ಈ ದಂಧೆ ಹಿಡಿದ. ಹೊಸ ಡಬ್ಬಾ ಕೂಡಿಸಿದ ಮೇಲೆ ಕಾಯಿ ಒಡೆದು, ಊರ ಮೇಳದ ಡೊಳ್ಳಿನ ಹಾಡನ್ನೇ ಮೊದಲು ಹಚ್ಚಬೇಕು, ಅದು ಅವನ ನೇಮ. ಆ ಹಾಡಿನ ಪ್ರತಿ ಏಟು, ತಾಳದ ಪ್ರತಿ ಕಿಣಿಕಿಣಿ ಅವನಿಗೆ ಬಾಯಿಪಾಠ. ಡಿಕ್ಕಿಯೊಳಗೆ ತಲೆಯಿಟ್ಟು ಕೇಳಿ ಗೋಣು ಹಾಕಿದನೆಂದರೆ ಡಬ್ಬಾ ಪಾಸು. ಆ ಗೋಣನ್ನು ನಂಬಿಯೇ ಬಬಲೇಶ್ವರದಿಂದಲೂ ಗಾಡಿಗಳು ಬರುತ್ತಿದ್ದವು.

ಟಿಕೋಟಾದ ದ್ರಾಕ್ಷಿ ವ್ಯಾಪಾರಿ ಚೇತನಕುಮಾರ ಹೊಸ ಜೀಪು ತಂದಾಗ ಕೇಳಿದ್ದ.

“ಕಾಕಾ, ಬಂದ್ ಡಬ್ಬಾ ಇಡಸ್ಲ್ಯೋ, ತೂತಿಂದೋ? ನೀವ ಹೇಳ್ರಿ.”

“ತೂತಿಂದ ಇಡಸೋ ತಮ್ಮಾ. ನನ್ನ ಕೈಯಾಗ ಅದು ಎಂದೂ ಸೀಟಿ ಹೊಡದಿಲ್ಲ.”

ವಾರ ಕಳೆಯುವುದರೊಳಗೆ ಜೀಪು ವಾಪಸ್ಸು ಬಂತು. “ಕಾಕಾ, ಸುಂಯ್ ಅಂತೈತ್ರಿ. ಗೆಳ್ಯಾರೆಲ್ಲಾ ನಗಾಕತ್ತಾರ.”

ಅಮೋಘಸಿದ್ದ ಡೊಳ್ಳಿನ ಹಾಡು ಹಚ್ಚಿ ತಲೆ ಒಳಗಿಟ್ಟ. ಧಿಮ್, ಧಿಮ್. ತಾಳವೂ ಕಿಣಿಕಿಣಿ. ಎಲ್ಲಾ ಸರಿ. “ಎಲ್ಲೈತೋ ನಿನ್ನ ಸುಂಯ್?”

“ಅಯ್ಯ, ಈಗ ಹೊಡ್ಯಾಕತ್ತೈತಲ್ರಿ!”

“ಬಾಗಲದ ರಬ್ಬರ ಸಡ್ಲ ಆಗಿರಬೇಕ ತಗೋ.”

ಕುಣಿಯಲಾರದಾಕಿ ನೆಲ ಡೊಂಕು ಅಂದಳಂತೆ. ಬಾಗಿಲು ತೆಗೆದು ಹಾಕಿ ಮಾಡಿದ್ದಾಯಿತು, ರಬ್ಬರ್ ಒತ್ತಿದ್ದಾಯಿತು. ಸಿಟ್ಟು ನೆತ್ತಿಗೇರಿ, ಪಕ್ಕದ ಚಹಾದಂಗಡಿಯ ಆಶಾಬಿಯನ್ನು ಸಾಕ್ಷಿಗೆ ಕರೆದ. ಆಕೆ ಗಳಿಗೆ ನಿಂತು ಕೇಳಿದಳು.

“ಹೌದಣ್ಣಾ. ಕುಕ್ಕರ್ ಕೂಗೂ ಮೊದ್ಲ ಸುಂಯ್ ಅಂತೈತಲ್ಲಾ, ಹಂಗ.”

ಅವನು ತೂತಿಗೆ ಅಂಗೈ ಹಿಡಿದ. ಗಾಳಿ ಬಂದು ಬಡಿಯುತ್ತಿತ್ತು, ಸಣ್ಣಗೆ ನಡುಗುತ್ತಿತ್ತು. ಕೈಗೆ ತಿಳಿಯಿತು, ಕಿವಿಗೆ ಇಲ್ಲ. ಜೀಪು ಅಲ್ಲೇ ಬಿಟ್ಟು ಹೋಗು, ನೋಡುತ್ತೇನೆ ಎಂದು ಚೇತನಕುಮಾರನನ್ನು ಬಸ್ಸಿಗೆ ಕಳಿಸಿದ. ಒಬ್ಬನೇ ಉಳಿದಾಗ ಒಂದೊಂದೇ ನೆನಪಾಗತೊಡಗಿತು. ಹೆಂಡತಿ ಚಂದ್ರಕಲಾ ಇತ್ತೀಚೆಗೆ ಕರೆಯುವುದನ್ನೇ ಬಿಟ್ಟು, ಊಟಕ್ಕೆ ತಾಟು ಕುಟ್ಟಿ ಎಬ್ಬಿಸುತ್ತಿದ್ದಳು. “ನಾ ಏನ್ ಎತ್ತೇನ, ತಾಟ ಕುಟ್ಟಿ ಎಬ್ಸಾಕ?” ಎಂದು ಇವನೇ ಆಕೆಗೆ ಬೈದಿದ್ದ. ಡಬ್ಬಾ ಮಾಡುವವನ ಕಿವಿಯೇ ಹೋಯಿತೆಂದು ಸುದ್ದಿಯಾದರೆ ಈ ಅಂಗಡಿಗೆ ಯಾವ ನಾಯಿ ಬಂದೀತು? ಯಾರಿಗೂ ಹೇಳುವುದು ಬೇಡ ಎಂದುಕೊಂಡು ತೂತನ್ನು ಕೆತ್ತಿ ಅಗಲ ಮಾಡಿದ, ಮತ್ತೆ ಹಾಡು ಹಚ್ಚಿದ. ಸೀಟಿ ಹೋಯಿತೋ, ಇದೆಯೋ? ದೇವರಿಗೇ ಗೊತ್ತು.

ಅಷ್ಟರಲ್ಲಿ ಮಗಳು ಭಾಗ್ಯಾ ಬುತ್ತಿ ತಂದಳು, ಕಾಲೇಜಿಗೆ ಹೋಗುವ ಹುಡುಗಿ. ಬುತ್ತಿ ಇಟ್ಟವಳೇ ತನ್ನ ಮೊಬೈಲು ಜೀಪಿಗೆ ಜೋಡಿಸಿ, “ಅಪ್ಪಾ, ಇದೊಂದು ಕೇಳು,” ಎಂದು ತುಟಿ ಬಿಗಿದು ನಗುತ್ತ ನಿಂತಳು.

ಧಿಮ್, ಧಿಮ್. ಡೊಳ್ಳು ಚೆನ್ನಾಗಿತ್ತು. ಅದರ ಮೇಲೆ ಯಾರದೋ ಸಣ್ಣ ದನಿ, ಗೋಡೆಯಾಚೆ ಮಾತಾಡಿದ ಹಾಗೆ. ಒಂದು ಪದವೂ ತಿಳಿಯಲಿಲ್ಲ. ಅವನು ಯಾವಾಗಿನಂತೆ ಗೋಣು ಹಾಕಿದ.

“ಭಾರಿ ಐತವ್ವಾ. ಯಾವೂರ ಹುಡುಗಿ ಹಾಡ್ಯಾಳ?”

ಭಾಗ್ಯಾಳ ನಗು ಅಲ್ಲೇ ಆರಿತು. ಮೊಬೈಲು ಬಂದ್ ಮಾಡಿ, ಅವನ ಮುಖಕ್ಕೆ ಮುಖ ತಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ನಾನ ಅಪ್ಪಾ. ಅಜ್ಜ ಡೊಳ್ಳ ಬಾರ್ಸ್ಯಾನ. ಹಾಡ ನಾನ ಕಟ್ಟೇನಿ. ನಿನ್ನ ಮ್ಯಾಲ.”

ಅವನು ಡಿಕ್ಕಿಯ ಅಂಚಿಗೆ ಕುಳಿತ. ಊರ ಮೇಳದ ತಾಳವನ್ನು ಇಷ್ಟು ದಿನ ಕಿವಿ ಕೇಳಿರಲಿಲ್ಲ, ನೆನಪು ಕೇಳಿತ್ತು. ಅಂಥ ನೆನಪಿನಿಂದ ಎಷ್ಟು ಗಾಡಿಗಳನ್ನು ಪಾಸು ಮಾಡಿ ಕಳಿಸಿದ್ದನೋ!

“ನನ್ನ ಕಿವೀದು ನಿಮ್ಮವ್ವಗ ಗೊತ್ತೈತೇನು?”

“ಗೊತ್ತೈತಿ. ಅಪ್ಪ ಸಂಕಟ ಮಾಡ್ಕೋತಾನ, ಹೇಳಬ್ಯಾಡ ಅಂದಾಳ.”

ಅಮೋಘಸಿದ್ದ ಮುಖ ಒರೆಸಿಕೊಂಡ. “ಟಿಕೋಟಾದ ಹುಡುಗಗ ಫೋನ್ ಹಚ್ಚು. ನಮ್ಮಪ್ಪ ಬಂದ್ ಡಬ್ಬಾ ಮಾಡಿ ಕೊಡ್ತಾನಂತ ಹೇಳು. ತೂತಿನ ಸೀಟಿ ಅವ್ನ ಕಿವಿಗೆ ಕೇಳ್ಸೂದಿಲ್ಲಂತ ಹೇಳು. ಇದ್ದದ್ದ ಇದ್ದಂಗ ಹೇಳು.”

ಆಕೆ ಹೇಳಿದಳು. ಅತ್ತ ಕಡೆಯವನು ಏನಂದನೋ ಇವನು ಕೇಳಲಿಲ್ಲ. ಸ್ಪೀಕರಿನ ತಂತಿ ಕಿತ್ತು ಪಕ್ಕಕ್ಕಿಟ್ಟ.

“ಈಗ ಡೊಳ್ಳ ಬ್ಯಾಡ. ಬರೇ ನೀ ಹಾಡು.”

ಭಾಗ್ಯಾ ಅವನ ಕಿವಿಯ ಹತ್ತಿರ ಕುಳಿತು ಹಾಡಿದಳು. ಅರ್ಧ ಬಂತು, ಅರ್ಧ ಬರಲಿಲ್ಲ. ಹೊಸ ಹಾಡು, ಬಾರದ ಅರ್ಧವನ್ನು ತುಂಬಿಕೊಳ್ಳಲು ಅವನ ಹತ್ತಿರ ಯಾವ ನೆನಪೂ ಇರಲಿಲ್ಲ.

“ಇನ್ನೊಮ್ಮಿ ಹಾಡವ್ವಾ,” ಎಂದ.