ಜೋಡು ನಳಿಗೆಯ ಮೇಲಿನ ಹೆಬ್ಬೆಟ್ಟು

ಫೆಬ್ರವರಿ ಒಂಬತ್ತು, ಸೋಮವಾರ, ಬೆಳಿಗ್ಗೆ ಏಳೂವರೆ. ಅಕ್ಕಲಕೋಟೆಯ ನಮ್ಮ ವಾಡೆಯಲ್ಲಿ ಈಗ ಉಳಿದಿರುವ ಎರಡು ಖೋಲಿಗಳ ಪೈಕಿ ಮುಂದಿನದರಲ್ಲಿ ಇಬ್ಬರಿದ್ದೆವು, ನಾನು ಮತ್ತು ನನ್ನ ಅಣ್ಣನ ಮಗ ಮಹೇಶ. ನಾನು ಸೊಲ್ಲಾಪುರದಿಂದ ಆರರ ಬಸ್ಸು ಹಿಡಿದು ಬಂದಿದ್ದೆ. ಹಳೆಯ ಚಾದರದಲ್ಲಿ ಸುತ್ತಿದ್ದ ಬಂದೂಕನ್ನು ಮಹೇಶ ಚಾಪೆಯ ಮೇಲೆ ತಂದಿಟ್ಟ. ಗಂಟು ಬಿಚ್ಚಿದ ಕೂಡಲೇ ಆ ವಾಸನೆ ಎದ್ದಿತು. ಮೇಲೆ ಹೊಲಿಗೆ ಯಂತ್ರದ ಎಣ್ಣೆ, ಅದರಡಿ ಸ್ವಲ್ಪ ಸೀಮೆಎಣ್ಣೆ, ಎಲ್ಲಕ್ಕೂ ಅಡಿಯಲ್ಲಿ ಹಿಡಿಕೆಯ ಅಕ್ರೋಟದ ಹಳೆಯ ಮರ. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದಿರಬೇಕು. ಮನುಷ್ಯರೆಲ್ಲ ಹೋದ ಮೇಲೂ ಅದು ಹೋಗಿರುವುದಿಲ್ಲ. ಅಣ್ಣ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಲೈಸೆನ್ಸು ಅವನ ಹೆಸರಿನಲ್ಲಿತ್ತು. ಮಗನಿಗೆ ಬಂದೂಕು ಬೇಡವಾಗಿತ್ತು. ಹನ್ನೊಂದಕ್ಕೆ ಠಾಣೆಯಲ್ಲಿ ಒಪ್ಪಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಒರೆಸಿಕೊಡುತ್ತೇನೆಂದು ನಾನೇ ಹೇಳಿಕಳಿಸಿದ್ದೆ. ಹೇಳದೆ ಇಟ್ಟುಕೊಂಡ ಕಾರಣ ಒಂದಿತ್ತು. ಅದು ಐವತ್ತೊಂಬತ್ತು ವರ್ಷ ಹಿಂದಿನದು.

ಬಂದೂಕುಗಳು ನಮ್ಮ ಕಾಕಾನವು. ಅಪ್ಪ ದಿನಾ ಸೊಲ್ಲಾಪುರದ ಅರಿವೆ ಅಂಗಡಿಗೆ ಹೋಗಿ ಬರುತ್ತಿದ್ದರು. ಅವರ ತಮ್ಮ ಗುರುಶಾಂತ ಕಾಕಾ ಮದುವೆಯಾಗದೆ ಮನೆಯಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತಿದ್ದರು. ಅವರ ಹತ್ತಿರ ಐದು ಬಂದೂಕುಗಳಿದ್ದವು. ಬತ್ತಿ ಹೊತ್ತಿಸಿ ಹಾರಿಸುವ ಮುತ್ತಜ್ಜನ ಕಾಲದ್ದೊಂದು, ಬಾಯಿಂದ ಮದ್ದು ತುಂಬುವ ಎರಡು, ಒಂಟಿ ನಳಿಗೆಯದೊಂದು, ಇದೊಂದು ಜೋಡು ನಳಿಗೆಯದು. ಇದರ ಪಕ್ಕದ ಉಕ್ಕಿನಲ್ಲಿ ಜೋಳದ ಹೊಲದಿಂದ ಏಳುತ್ತಿರುವ ಎರಡು ಕೌಜುಗ ಹಕ್ಕಿಗಳನ್ನು ಯಾರೋ ಪುಣ್ಯಾತ್ಮ ಕೊರೆದಿದ್ದ. ಅದು ಜೋಳವೇ ಎಂದು ಕಾಕಾನ ವಾದ, ಗೋಧಿ ಎಂದು ಅಪ್ಪನದು. ಕಾಕಾ ಜೀವಮಾನದಲ್ಲಿ ಒಂದು ಹಕ್ಕಿ ಹೊಡೆದವರಲ್ಲ. ಈರುಳ್ಳಿಯನ್ನೂ ಸೋಮವಾರ ಮುಟ್ಟದ ಮನೆ ನಮ್ಮದು. ಎದುರು ಮನೆಯ ಕುಲಕರ್ಣಿಯವರು ಕಟ್ಟೆಯ ಮೇಲಿಂದಲೇ ಕೆಣಕುತ್ತಿದ್ದರು.

"ಏನ್ರಿ ಗುರುಶಾಂತಪ್ಪನೋರ, ಬದನಿಕಾಯಿ ಹೊಡ್ಯಾಕ ಐದ ಬಂದೂಕ ಬೇಕೇನ್ರಿ?"

"ಈ ವರ್ಷದ್ದು ಭಾಳ ಬಿರಸ ಅದಾವ್ರಿ, ಒಂದಕ್ಕ ಬೀಳಂಗಿಲ್ಲ," ಎನ್ನುತ್ತಿದ್ದರು ಕಾಕಾ, ತಲೆ ಎತ್ತದೆ.

ರವಿವಾರ ಎಂಟು ಗಂಟೆಗೆ ಸ್ನಾನ, ಪೂಜೆ ಮುಗಿಸಿ ಕಾಕಾ ಇದೇ ಖೋಲಿಯ ಕಿಟಕಿ ಕೆಳಗೆ ಚಾಪೆ ಹಾಸುತ್ತಿದ್ದರು. ಕಾಡತೂಸುಗಳು ಬೇರೆ ಖೋಲಿಯ ಬೀಗದಲ್ಲಿ. ಬಂದೂಕು ಖಾಲಿ ಇದೆಯೆಂದು ಗೊತ್ತಿದ್ದರೂ ಮೂರು ಸಲ ನೋಡಬೇಕು, ಮೂರನೆಯ ಸಲ ನನ್ನಿಂದ ಹೇಳಿಸಬೇಕು. ಮಾತಿಲ್ಲ, ಅವಸರವಿಲ್ಲ. ಉದ್ದ ಕಡ್ಡಿಗೆ ಚಿಂದಿ ಸುತ್ತಿ ನಳಿಗೆಯೊಳಗೆ ಎಳೆದು, ಅದನ್ನು ಕಿಟಕಿಗೆ ಹಿಡಿದು ನನ್ನ ಕಣ್ಣಿಗೆ ಕೊಡುತ್ತಿದ್ದರು. ಒಳಗೆಲ್ಲ ಬೆಳಕು ಉಂಗುರ ಉಂಗುರವಾಗಿ ನಿಂತಿರುತ್ತಿತ್ತು. "ನೋಡ್ ಸುವ್ವಿ, ಬಾವ್ಯಾಗ ಸೂರ್ಯ ಇಳದಂಗ ಕಾಣ್ತದ," ಎನ್ನುತ್ತಿದ್ದರು. ಕೊನೆಗೆ ಎರಡೂ ಕುದುರೆಗಳನ್ನು, ಎಂದರೆ ಕಾಡತೂಸಿಗೆ ಬಡಿಯುವ ಸುತ್ತಿಗೆಗಳನ್ನು, ಒಂದೊಂದಾಗಿ ಹಿಂದಕ್ಕೆಳೆದು, ಹೆಬ್ಬೆರಳಿನ ಆಸರೆಯಲ್ಲಿ ಮೆಲ್ಲಗೆ ಮುಂದಕ್ಕೆ ಬಿಡುತ್ತಿದ್ದರು. ಎಡದ್ದರ ಸದ್ದು ತೆಳುವು, ಬಲದ್ದರದು ದಪ್ಪ. ಆ ಎರಡು ಸದ್ದು ಕೇಳಿ ಅವರ ಮುಖದಲ್ಲಿ ಮೂಡುತ್ತಿದ್ದ ತೃಪ್ತಿಯನ್ನು ನಾನು ಆಮೇಲೆ ಊಟ ಮುಗಿಸಿದ ಯಾರ ಮುಖದಲ್ಲೂ ಕಂಡಿಲ್ಲ.

ಚಾಪೆಯ ಮೇಲೆ ಕೂಡುವ ಹಕ್ಕು ಸುಮ್ಮನೆ ಸಿಕ್ಕಿದ್ದಲ್ಲ. ಕೆಲವರ ಬೆವರಿನಲ್ಲಿ ಉಪ್ಪು ಹೆಚ್ಚು, ಅವರು ಮುಟ್ಟಿದ ಉಕ್ಕಿಗೆ ತುಕ್ಕು ಹಿಡಿಯುತ್ತದೆ ಎನ್ನುವುದು ಕಾಕಾನ ನಂಬಿಕೆ. ನನಗೆ ಒಂಬತ್ತು, ಅಣ್ಣ ಬಸವರಾಜನಿಗೆ ಹದಿಮೂರು. ಒಂದು ಉಕ್ಕಿನ ಪಟ್ಟಿಯನ್ನು ಬೂದಿಯಿಂದ ತಿಕ್ಕಿ ಹೊಳಪು ಮಾಡಿ, ಇಬ್ಬರ ಬಲ ಹೆಬ್ಬೆರಳನ್ನೂ ಒತ್ತಿಸಿ, ಮೂರು ದಿನ ಗೂಡಿನಲ್ಲಿಟ್ಟರು. ಅಣ್ಣನ ಗುರುತು ಕೆಂಪಗೆ ಎದ್ದು ಬಂತು. ನನ್ನದು ಬರಲಿಲ್ಲ. ಬರದಿರಲು ಕಾರಣ, ನಾನು ಒತ್ತುವ ಮೊದಲು ದೇವರ ಖೋಲಿಗೆ ಹೋಗಿ ವಿಭೂತಿಯಲ್ಲಿ ಬೆರಳು ಒಣಗುವ ತನಕ ತಿಕ್ಕಿಕೊಂಡಿದ್ದೆ. ನನ್ನ ಅಂಗೈ ಅಣ್ಣನದಕ್ಕಿಂತ ಹೆಚ್ಚು ಬೆವರುತ್ತಿತ್ತು. ಪಾಟಿಯ ಮೇಲೆ ಬರೆದ ಅಕ್ಷರಗಳು ನನ್ನ ಕೈಯಿಂದಲೇ ಅಳಿಸಿಹೋಗುತ್ತಿದ್ದವು. ಅಂದಿನಿಂದ ಪ್ರತಿ ರವಿವಾರ ಅದೇ ಕೆಲಸ. ನಮ್ಮ ಅಜ್ಜಿ, ಆಯಿ ಎನ್ನುತ್ತಿದ್ದೆವು, ಹುಡುಗಿಗೆ ಭಕ್ತಿ ಬಂದಿದೆಯೆಂದು ಬಂದವರಿಗೆಲ್ಲ ಹೇಳಿದಳು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೈ ಎರಡೂ ಬೆನ್ನ ಹಿಂದೆ.

ಏಪ್ರಿಲಿನ ಒಂದು ರವಿವಾರ ವಿಭೂತಿ ಮರೆತೆ. ಅವತ್ತೇ ಕಾಕಾ ಮೊದಲ ಸಲ ಈ ಜೋಡು ನಳಿಗೆಯನ್ನು ನನ್ನ ಮಡಿಲಲ್ಲಿಟ್ಟು, ಹಕ್ಕಿಗಳನ್ನು ಕಣ್ತುಂಬ ನೋಡು ಎಂದರು. ಎಷ್ಟು ಹೊತ್ತು ನೋಡಿದೆನೋ. ಅದರ ಭಾರ ತೊಡೆಯ ಮೇಲೆ ಮಲಗಿದ ಮಗುವಿನಂತಿತ್ತು. ನಳಿಗೆಯ ಬುಡದಲ್ಲಿ ನನ್ನ ಹೆಬ್ಬೆರಳು ಒತ್ತಿಕೊಂಡೇ ಇತ್ತು. ಅಷ್ಟರಲ್ಲಿ ಹೊಲದಿಂದ ಆಳು ಬಂದು ಎತ್ತಿಗೆ ಹಾವು ಕಡಿದಿದೆ ಎಂದ. ಕಾಕಾ ಕೊನೆಯ ಸಲ ಒರೆಸದೆ ಬಂದೂಕು ಒಳಗಿಟ್ಟು ಓಡಿದರು. ಮುಂದಿನ ರವಿವಾರ ಚಾದರ ಬಿಚ್ಚಿದಾಗ ಕಪ್ಪು ನೀಲಿ ನಳಿಗೆಯ ಮೇಲೆ ಇಟ್ಟಿಗೆ ಬಣ್ಣದ ಹೆಬ್ಬೆಟ್ಟು ಕೂತಿತ್ತು.

"ಯಾರ ಮುಟ್ಟೀರಿ ಇದನ್ನ?"

ಎಲ್ಲರ ಕಣ್ಣೂ ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಡೆ ಹೋದವು.

"ನಾ ಅಲ್ಲ ಕಾಕಾ. ಬಸವಣ್ಣನ ಆಣಿ, ನಾ ಅಲ್ಲ."

"ಆಣಿ ಬ್ಯಾರೆ ಮಾಡ್ತಾನ!" ಎಂದಳು ಆಯಿ. "ಮುಟ್ಟಿದ್ದಕ್ಕ ಜಂಗ ಹತ್ತಸೂ ಕೈ ಈ ಮನ್ಯಾಗ ಮತ್ತ ಯಾರ್ದದನೋ?"

ನಾನು ಚಾಪೆಯ ಹೆಣಿಗೆ ನೋಡುತ್ತ ಕೂತೆ. ಕಾಕಾ ಬಂದೂಕನ್ನು ಕಿಟಕಿಯ ಹತ್ತಿರ ಒಯ್ದು ಗುರುತನ್ನು ಬಹಳ ಹೊತ್ತು ನೋಡಿದರು. ಅಣ್ಣನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ನನಗೆ ಇಷ್ಟೇ ಹೇಳಿದರು: "ಇದೊಂದು ನನ್ನ ಕಡಿ ಇರ್ಲಿ. ನೀ ಉಳದದ್ದು ನೋಡು." ಆಮೇಲೆ ಅದನ್ನು ಎಂದೂ ನನ್ನ ಕೈಗೆ ಕೊಡಲಿಲ್ಲ. ತುಕ್ಕು ಹೋಯಿತು, ಉಕ್ಕು ತಿಂದ ಕಲೆ ಉಳಿಯಿತು. ಕೆಲವು ವರ್ಷಗಳ ನಂತರ ಉಳಿದ ಬಂದೂಕುಗಳನ್ನು ಸೊಲ್ಲಾಪುರಕ್ಕೆ ಒಯ್ದು ಹೊಸ ಬಣ್ಣ ಕೊಡಿಸಿದರು. ಇದನ್ನು ಒಯ್ಯಲಿಲ್ಲ. ಅಣ್ಣನಿಗೆ ಅಂಗೈಯಲ್ಲಿ ಕರವಸ್ತ್ರ ಹಿಡಿಯುವ ರೂಢಿ ಅಂದಿನಿಂದ ಬಿತ್ತು. ಅಪ್ಪನ ಅಂಗಡಿಯಲ್ಲಿ ಕೂತ ಮೇಲೆ ಗಿರಾಕಿಗಳಿಗೆ ಅರಿವೆ ತೋರಿಸುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದ. ಅಕ್ಷತೆಯ ದಿನ ಹೆಂಡತಿಯ ಕೈ ಹಿಡಿಯುವ ಮೊದಲೂ ಒರೆಸಿಕೊಂಡ. ಮಂಟಪದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದೆ ಮೂವತ್ತೊಂದು ವರ್ಷ ಸಾಲೆಯಲ್ಲಿ ಕಲಿಸಿದೆ. ಒಬ್ಬರ ತಪ್ಪಿಗೆ ಇನ್ನೊಬ್ಬರು ನಿಂತಿರುವಾಗ ಸುಮ್ಮನೆ ಕೂತ ಮಕ್ಕಳನ್ನು ಎಬ್ಬಿಸಿ ಶಿಕ್ಷೆ ಕೊಟ್ಟೆ. ಕಾಕಾ ಹೋದರು, ಬಂದೂಕುಗಳು ಅಣ್ಣನ ಹೆಸರಿಗೆ ಬಂದವು, ನಿಯಮ ಬಿಗಿಯಾದಂತೆ ಒಂದೊಂದಾಗಿ ಮನೆ ಬಿಟ್ಟವು. ಅಣ್ಣನಿಗೆ ಹೇಳಬೇಕೆಂದು ಪ್ರತಿ ದೀಪಾವಳಿಗೆ ಬಂದೆ. ಹೇಳದೆ ಹೋದೆ.

ಈ ಸೋಮವಾರ ಹಿಡಿಕೆಯ ಮರ ಒರೆಸಿದೆ, ಹಕ್ಕಿಗಳ ರೆಕ್ಕೆಯ ಗೆರೆಗಳಲ್ಲಿ ಕೂತ ಧೂಳು ತೆಗೆದೆ, ನಳಿಗೆಯ ಬುಡಕ್ಕೆ ಬಂದೆ. ಬೆಳಕಿಗೆ ಓರೆ ಮಾಡಿದಾಗ ಕಲೆ ಕಂಡಿತು. ಅಷ್ಟು ಸಣ್ಣದಿತ್ತೆಂದು ನೆನಪಿರಲಿಲ್ಲ. ಹದಿಮೂರರ ಹುಡುಗನದಾಗಲು ಸಾಧ್ಯವೇ ಇರಲಿಲ್ಲ. ನಡುವೆ ಓರೆಯಾಗಿ ಒಂದು ಖಾಲಿ ಗೆರೆ. ಏಳನೆಯ ವಯಸ್ಸಿನಲ್ಲಿ ಸವತೆಕಾಯಿ ಹೆಚ್ಚುವಾಗ ಈಳಿಗೆ ತಾಗಿ ನನ್ನ ಹೆಬ್ಬೆರಳಿಗೆ ಬಿದ್ದ ಗಾಯದ ಗೆರೆ ಅದು. ಗಾಯಕ್ಕೆ ಅರಿಶಿನ ಒತ್ತಿ ಕಟ್ಟಿದವರು ಕಾಕಾ. ಕಿಟಕಿಯ ಹತ್ತಿರ ಅವರು ಅಷ್ಟು ಹೊತ್ತು ನಿಂತು ನೋಡಿದ್ದು ಏನನ್ನು ಎಂದು ಆಗ ತಿಳಿಯಿತು. ಚಿಂದಿ ಹಿಡಿದ ಕೈ ಅಲ್ಲೇ ನಿಂತಿತು.

"ಆತ್ಯಾ, ತಡೀರಿ, ಅದನ್ನ ಉಜ್ಜಬ್ಯಾಡ್ರಿ," ಎಂದ ಮಹೇಶ, ಮೊಬೈಲು ತೆಗೆದು. "ಅಪ್ಪಾಂದು ಹೆಬ್ಬಟ್ಟ ಅದ ಅದು. ಒಂದ ಫೋಟೋ ತಗೋತೀನಿ. ಅವ್ರದು ಅಂತ ಇದೊಂದರ ಇರ್ಲಿ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅವನಿಗೆ ಅಪ್ಪನ ಗುರುತು ಉಳಿಯುತ್ತಿತ್ತು, ನನಗೆ ಮರ್ಯಾದೆ. ನಾನು ನನ್ನ ಹೆಬ್ಬೆರಳನ್ನು ಕಲೆಯ ಪಕ್ಕಕ್ಕೆ ತಂದು ಹಿಡಿದೆ.

"ತಗೋ ಫೋಟೋ. ಎರಡೂ ಕೂಡಿ ತಗೋ. ಇದು ನಂದು, ಮಹೇಶ. ನಿಮ್ಮಪ್ಪ ಆಗ ಈ ಬಂದೂಕ ಮುಟ್ಟಿರಲಿಲ್ಲ. ಆಯಿ ಬೈಗಳ ಮಾತ್ರ ಅವಗ ಬಿತ್ತು."

ಅವನು ಬಗ್ಗಿ ನೋಡಿದ. ಕಲೆ ನೋಡಿದ, ನನ್ನ ಬೆರಳು ನೋಡಿದ. ಮೊಬೈಲು ಕೆಳಗಿಟ್ಟ.

"ಮತ್ತ ಅಪ್ಪಾನ ನಮಗ ಹೇಳ್ತಿದ್ರಲ್ರಿ, ಇದು ನಂದ ಹೆಬ್ಬಟ್ಟು, ಕಾಕಾನ ಕಣ್ಣ ತಪ್ಪಿಸಿ ಮುಟ್ಟಿದ್ದೆ ಅಂತ. ನಕ್ಕೊಂತ ಹೇಳ್ತಿದ್ರು. ಅವ್ರ್ಯಾಕ ಹಂಗ ಅಂದ್ರು?"

ಎಲ್ಲರೂ ಹೇಳಿ ಹೇಳಿ ಅಣ್ಣನೇ ನಂಬಿಬಿಟ್ಟನೋ, ಅಥವಾ ಇಪ್ಪತ್ತಾರು ವರ್ಷ ತನ್ನ ಬಳಿಯಿದ್ದ ಬಂದೂಕಿನ ಮೇಲೆ ಆ ಗೆರೆಯನ್ನು ಕಂಡೂ ಹಾಗೆ ಹೇಳಿದನೋ. ಅರಿವೆಯ ಒಂದೇ ಒಂದು ಎಳೆ ತಪ್ಪಿದ್ದರೂ ಹಿಡಿಯುವ ಕಣ್ಣು ಅವನದು. ಕೇಳಲು ಅವನಿಲ್ಲ.

ಕಲೆಯ ಮೇಲೆ ಎಣ್ಣೆ ಹಚ್ಚಿದೆ, ಉಜ್ಜಲಿಲ್ಲ. ಕುದುರೆಗಳನ್ನು ಒಂದೊಂದಾಗಿ ಎಳೆದು ಮೆಲ್ಲಗೆ ಬಿಟ್ಟೆ. ಎಡದ್ದು ತೆಳುವಾಗಿ, ಬಲದ್ದು ದಪ್ಪಗೆ ಸದ್ದು ಮಾಡಿದವು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಠಾಣೆಯಲ್ಲಿದ್ದೆವು. ನಂಬರು ತಾಳೆ ನೋಡಿದ ಕಾರಕೂನ ನಳಿಗೆ ತಿರುಗಿಸಿ, "ಈ ಡಾಗ ಏನ್ರಿ? ಬರೀಬೇಕಾಗ್ತದ," ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಹೇಶ, "ಮನೀದರಿ, ಹಳೇದು," ಎಂದ. ಕಾರಕೂನ ಹಾಗೆಯೇ ಬರೆದುಕೊಂಡ.

ಎಣ್ಣೆಯ ಚಿಂದಿ ಮನೆಯಲ್ಲಿ ಇಡಬಾರದು, ಸುಡಬೇಕು, ಬೂದಿ ಆರುವ ತನಕ ಅಲ್ಲೇ ನಿಂತಿರಬೇಕು ಎನ್ನುವುದು ಕಾಕಾನ ನಿಯಮ. ಸಂಜೆ ಹಿತ್ತಲಲ್ಲಿ, ಬೆಳಿಗ್ಗೆ ಒರೆಸಲು ಬಳಸಿದ ಮೂರೂ ಚಿಂದಿಗಳನ್ನು ಸುಟ್ಟೆ. ಐದೂ ಮುಕ್ಕಾಲಿಗೆ ಬೂದಿ ಬೆಳ್ಳಗಾಯಿತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಆರಿತ್ತು. ಗುಡಿಸಿ ತುಂಬಿ, ಕಸಬರಿಗೆಯನ್ನು ಅದರ ಜಾಗದಲ್ಲಿಟ್ಟೆ.