ಸತ್ತವನು ಏಳಬಾರದು

ನಾಟಕದ ಮೇಷ್ಟ್ರ ಬಗ್ಗೆ ನಿಷ್ಪಕ್ಷಪಾತವಾಗಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದದ್ದು ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ. ಆಗ ನಾನು ಮಧುಗಿರಿಯಲ್ಲಿ ಪಾಠ ಹೇಳಿಕೊಂಡಿದ್ದೆ. ಜೊತೆಗೆ ಬೆಂಗಳೂರಿನ ಒಂದು ವಾರಪತ್ರಿಕೆಗೆ ಊರಿನ ಸುದ್ದಿ ಕಳಿಸುತ್ತಿದ್ದೆ. ಎರಡೂ ಕಡೆಯವರ ಮಾತು ಬರಲಿ, ನಿಮ್ಮದು ಬೇಡ ಎಂದು ಸಂಪಾದಕರ ಕಟ್ಟಪ್ಪಣೆ. ನನಗೂ ಅದೇ ಬೇಕಾಗಿತ್ತು. ಊರಿನ ಜಗಳದಲ್ಲಿ ತಲೆ ಹಾಕುವ ಚಟ ನನಗಿಲ್ಲ.

ಮೇಷ್ಟ್ರು ಒಡೆದುಹೋದ ಯಾವುದೋ ನಾಟಕ ಕಂಪನಿಯಿಂದ ಬಂದವರು. ನಮ್ಮ ಊರಿನವರಿಗೆ ಮಾತು, ಹಾಡು ಕಲಿಸಿ ನಾಟಕ ಆಡಿಸುತ್ತಿದ್ದರು. ಕೆಲವರು ಅವರನ್ನು ದೇವರು ಅನ್ನುತ್ತಿದ್ದರು, ಕೆಲವರು ಹುಚ್ಚ ಅನ್ನುತ್ತಿದ್ದರು. ತಾಲೀಮಿನಲ್ಲಿ ಕೈ ಮಾಡುತ್ತಾರೆ ಎಂಬುದನ್ನು ಮಾತ್ರ ಎರಡೂ ಕಡೆಯವರು ಒಪ್ಪುತ್ತಿದ್ದರು.

ನಮ್ಮ ಕಡೆ ನಾಟಕ ಅಂದರೆ ಮುಯ್ಯಿ ಇರಲೇಬೇಕು. ಪಾತ್ರ ಮಾಡಿದವನ ನೆಂಟರು ತಟ್ಟೆಯಲ್ಲಿ ಪಂಚೆ, ಎಲೆಅಡಿಕೆ ಇಟ್ಟುಕೊಂಡು ನಾಟಕದ ನಡುವೆಯೇ ರಂಗದ ಮೇಲೆ ಬರುತ್ತಾರೆ. ಹಾರ್ಮೋನಿಯಂ ನಿಲ್ಲುತ್ತದೆ, ಕೊಟ್ಟವರ ಹೆಸರು ಕೂಗುತ್ತಾರೆ. ಯುದ್ಧದಲ್ಲಿ ಸತ್ತು ಬಿದ್ದ ವೀರನೂ ಎದ್ದು, ಪಂಚೆ ಹೆಗಲಿಗೆ ಹಾಕಿಸಿಕೊಂಡು, ಅತ್ತೆ ಮಾವನ ಕಾಲಿಗೆ ನಮಸ್ಕಾರ ಮಾಡಿ, ಮತ್ತೆ ಹೋಗಿ ಸಾಯುತ್ತಾನೆ. ಅದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ನನಗೂ ಅನ್ನಿಸಿರಲಿಲ್ಲ.

ಮೇಷ್ಟ್ರಿಗೆ ಅನ್ನಿಸಿತು. ಆ ವರ್ಷದ ನಾಟಕದ ಕೊನೆಯಲ್ಲಿ ರಾಜಕುಮಾರ ಸತ್ತು ಬಿದ್ದಿದ್ದ. ಆ ಪಾತ್ರದವನ ಅತ್ತೆ, ನಿಡುಗಲ್ಲಿನಿಂದ ಬಂದಾಕೆ, ಕೆಂಪು ಅಂಚಿನ ಪಂಚೆ ತಟ್ಟೆಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು. ಅಳಿಯ ಏಳಲು ಮೊಣಕೈ ಊರಿದ.

"ಸತ್ತೋನು ಏಳಬಾರ್ದು ಕಣ್ಲಾ, ಮಲಕ್ಕೋ!" ಪರದೆಯ ಪಕ್ಕದಿಂದ ಮೇಷ್ಟ್ರು ಗದರಿದರು. ಅವನು ಮಲಗಿಬಿಟ್ಟ. ಆಕೆ ತಟ್ಟೆಯನ್ನು ಅವನ ಮುಂದೆ ಒಮ್ಮೆ ಹಿಡಿದು, ಹಾಗೇ ತಟ್ಟೆ ಸಮೇತ ಕೆಳಗಿಳಿದರು.

ಊರು ಎರಡು ಪಾಲಾಯಿತು. ಹೆಣ್ಣು ಕೊಟ್ಟವರಿಗೆ ಅವಮಾನವಾಯಿತು ಅಂತ ಒಂದು ಕಡೆ. ಈಗಲಾದರೂ ನಾಟಕ ನಾಟಕವಾಯಿತು ಅಂತ ಇನ್ನೊಂದು ಕಡೆ. ಮೇಷ್ಟ್ರನ್ನು ಮುಂದಿನ ನಾಟಕಕ್ಕೆ ಕರೆಯಬೇಕೆಂದಿದ್ದ ಶಿರಾದವರು, ಪತ್ರಿಕೆಯಲ್ಲಿ ಏನು ಬರುತ್ತದೋ ನೋಡೋಣ ಎಂದರು. ಕೊರಟಗೆರೆಯವರು ಆಗಲೇ ಬೇಡ ಅಂದಿದ್ದರು. ಶಿರಾ ತಪ್ಪಿದರೆ ಮೇಷ್ಟ್ರಿಗೆ ನಮ್ಮ ಸೀಮೆಯಲ್ಲಿ ಅನ್ನವಿರಲಿಲ್ಲ.

ಎಲ್ಲರ ಬಾಯಲ್ಲೂ ಆ ಅತ್ತೆಯದೇ ಮಾತು. ಆಕೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅದಕ್ಕೆ ನನಗೆ ಸಿಟ್ಟು ಬಂತು. ಭಾನುವಾರ ಪಾವಗಡದ ಮೋಟಾರು ಹತ್ತಿ, ಇಳಿದು ನಡೆದು, ನಿಡುಗಲ್ಲಿಗೆ ಹೋದೆ.

ಆಕೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. "ಆಟ ಬಾಗುಂದಿ ನಾಯನಾ, ಚೆಂದಾಗಿತ್ತು," ಎಂದರು, ಆ ಕಡೆಯ ತೆಲುಗು ಬೆರೆಸಿ. "ಅವ್ನು ಏಳ್ದೇ ಇದ್ದಾಗ ನಿಜಕ್ಕೂ ಸತ್ತೇ ಹೋದ ಅಂದ್ಕಂಬುಟ್ಟೆ. ಮಗಳ ಗತಿ ಏನಪ್ಪಾ ಅಂತ ಅತ್ಬುಟ್ಟೆ. ಅಂಗೆ ಅಳ್ಸೋ ಆಟ ನಾನು ನೋಡೇ ಇಲ್ಲ."

"ಹಾಗಾದ್ರೆ ಮೇಷ್ಟ್ರು ಮಾಡಿದ್ದು ಸರಿನಾ?"

"ಅದೆಂಗೆ ಸರಿ? ಹೆಣದ ಮುಂದೆ ಹಿಡಿದ ಪಂಚೆ, ಅಳಿಯಂಗೆ ಹೆಂಗೆ ಉಡ್ಸಾಕಾಯ್ತದೆ? ಮನೇಲಿ ಇಟ್ಕಳಾಕೂ ಭಯ, ಬಿಸಾಕಾಕೂ ಭಯ."

ಪಂಚೆ ದನದ ಕೊಟ್ಟಿಗೆಯ ಗೂಟಕ್ಕೆ ನೇತಾಡುತ್ತಿತ್ತು. ಆಕೆ ಆ ಕಡೆ ನೋಡದೆಯೇ ಕೈ ತೋರಿಸಿದರು.

ಆಕೆಯ ಎರಡು ಮಾತನ್ನೂ ಹಾಗೇ ಬರೆದು ಕಳಿಸಿದೆ. ಅಚ್ಚಾಯಿತು. ಮಧುಗಿರಿಯಲ್ಲಿ ಎರಡೂ ಕಡೆಯವರು ನನ್ನನ್ನು ಬೈದರು. ಹಾಗಾದರೆ ಸರಿಯಾಗೇ ಬರೆದಿದ್ದೇನೆ ಎಂದುಕೊಂಡೆ, ಈಗಲೂ ಹಾಗೇ ಅನ್ನುತ್ತೇನೆ. ಶಿರಾದವರು ಮುಯ್ಯಿಗೆ ಅಡ್ಡಿ ಮಾಡದಿದ್ದರೆ ಬನ್ನಿ ಎಂದು ಹೇಳಿಕಳಿಸಿದರು. ಮೇಷ್ಟ್ರು ಆಗುವುದಿಲ್ಲ ಎಂದರು. ಅಲ್ಲಿಗೆ ಶಿರಾ ಮುಗಿಯಿತು.

ಒಂದು ಬೆಳಗ್ಗೆ ಮೇಷ್ಟ್ರು ನಮ್ಮ ಜಗಲಿಗೆ ಬಂದರು. ನಾನು ಬರೆದದ್ದನ್ನು ಓದಿಕೊಂಡೇ ಬಂದಿದ್ದರು. "ನಿಡುಗಲ್ಲಲ್ಲಿ ಆ ತಾಯಿ ಮನೆ ಎಲ್ಲಿ ಸ್ವಾಮಿ?" ಎಂದು ಕೇಳಿದರು. ಹೇಳಿದೆ.

ಸ್ವಲ್ಪ ದಿನಕ್ಕೆ ಅವರು ಟ್ರಂಕು ಇಟ್ಟುಕೊಂಡು ಮೋಟಾರಿಗೆ ಕಾಯುತ್ತಿದ್ದದ್ದನ್ನು ಕಂಡೆ. ಊರು ಬಿಟ್ಟು ಹೊರಟಿದ್ದರು. ಉಟ್ಟಿದ್ದದ್ದು ಅದೇ ಕೆಂಪು ಅಂಚಿನ ಪಂಚೆ.

"ಆಕೆ ಕೊಟ್ಟರಾ?"

"ಎಲ್ಲಿ ಕೊಡ್ತಾರೆ? ಕಾಲಿಗೆ ಬಿದ್ದು ಈಸ್ಕೊಂಡೆ. ನನಗೆ ಹೆಂಡ್ತಿ ಮಕ್ಕಳು ಯಾರೂ ಇಲ್ಲ ತಾಯಿ, ಕೆಟ್ಟದ್ದಾದ್ರೆ ನನಗೊಬ್ಬನಿಗೇ ಆಗ್ಲಿ ಅಂದೆ."

ಇದನ್ನು ನಾನು ಪತ್ರಿಕೆಗೆ ಬರೆಯಲಿಲ್ಲ. ಸಂಪಾದಕರು ಎರಡೂ ಕಡೆಯವರ ಮಾತು ಬೇಕು ಅಂದಿದ್ದರಲ್ಲ. ಇದಕ್ಕೆ ಇನ್ನೊಂದು ಕಡೆ ಇರಲಿಲ್ಲ.