ಹಿಡಿಯ ಮೇಲಿನ ಹಲ್ಲಿನ ಗುರುತು

ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಅಡಿಯಲ್ಲಿ, ಗೋಣಿ ಚೂರಿನಲ್ಲಿ ಸುತ್ತಿಟ್ಟಿದ್ದ ಉದ್ದನೆಯ ಸ್ಕ್ರೂಡ್ರೈವರ್ ಕಳೆದ ವಾರ ಕೈಗೆ ಸಿಕ್ಕಿತು. ಗೋಣಿ ಬಿಚ್ಚಿದ್ದೇ ತಡ, ಹಳೆಯ ಗ್ರೀಸಿನ ಕಮಟು ವಾಸನೆ ಮೂಗಿಗೆ ಬಡಿಯಿತು. ಹಳೇ ಕಾರುಗಳ ಹುಚ್ಚು ಹಿಡಿದ ಮೂವರು ತರುಣರು ಕೊಪ್ಪದ ನಮ್ಮ ಮನೆಗೆ ಬಂದಿದ್ದರು. ಅಪ್ಪನ ಕಾಲದ ಲ್ಯಾಂಡ್‌ಮಾಸ್ಟರ್ ಇನ್ನೂ ಓಡುತ್ತಿರುವುದರ ಗುಟ್ಟೇನು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ನಾನೂ ದೊಡ್ಡ ಪಂಡಿತನ ಹಾಗೆ ಹೇಳುತ್ತಾ ಹೋದೆ. ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗುವ ತನಕ ಬಿಡಿ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಬ್ರೇಕ್ ಆಯಿಲ್ ಕಡಿಮೆಯಾದರೆ ತುಂಬಿಸಿ ಸುಮ್ಮನಾಗಬೇಡಿ, ಎಲ್ಲಿ ಸೋರುತ್ತಿದೆ ಎಂದು ಹುಡುಕಿ. ಅದರಲ್ಲಿ ಒಂದು ಮಾತೂ ನನ್ನದಲ್ಲ.

ಒಬ್ಬ ಆ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ತಿರುಗಿಸಿ ನೋಡಿ, "ಇದನ್ನ ಇಲಿ ಕಡಿದಿದೆಯಾ ಸಾರ್?" ಎಂದ.

"ಇರ್ಬೇಕು," ಎಂದೆ.

ಇಲಿಯಲ್ಲ… ಅವು ಮನುಷ್ಯನ ಹಲ್ಲಿನ ಗುರುತುಗಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ ಒಂದು ತಗಡಿನ ಶೆಡ್ ಇತ್ತು. ಅದರ ಯಜಮಾನರನ್ನು ಊರೆಲ್ಲ ಗ್ಯಾರೇಜಿನ ಸಾಹೇಬರು ಎನ್ನುತ್ತಿತ್ತು. ನಾನು ಆಗಷ್ಟೇ ಕರಿಕೋಟು ಹಾಕಿದ್ದ ವಕೀಲ. ನನ್ನ ಬಳಿ ಬರುತ್ತಿದ್ದ ಕಕ್ಷಿಗಾರರಿಗಿಂತ ಕಾರಿಗೆ ಬರುತ್ತಿದ್ದ ಕಾಯಿಲೆಗಳೇ ಹೆಚ್ಚು. ಹಾಗಾಗಿ ಕೋರ್ಟಿನಲ್ಲಿ ಕೂತದ್ದಕ್ಕಿಂತ ಆ ಶೆಡ್ಡಿನ ಮುರುಕು ಬೆಂಚಿನ ಮೇಲೆ ಕೂತದ್ದೇ ಜಾಸ್ತಿ ಇರಬೇಕು.

ಯಾವ ಗಾಡಿ ಬಂದರೂ ಸಾಹೇಬರು ತಕ್ಷಣ ಸ್ಪಾನರ್ ಹಿಡಿಯುತ್ತಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಬೇರೆ ಮೆಕ್ಯಾನಿಕ್‌ಗಳು ಹಿಡಿಯನ್ನು ಕಿವಿಗಿಟ್ಟು ಕೇಳುವುದನ್ನು ನೋಡಿದ್ದೆ. ಇವರದೊಂದು ವಿಚಿತ್ರ ಅಭ್ಯಾಸ ಎಂದುಕೊಂಡಿದ್ದೆ. "ಮೂರನೇ ಸಿಲಿಂಡರಿನ ಟ್ಯಾಪೆಟ್ ಸಡ್ಲ ಆಗಿದೆ, ಅದೇ ಟಕಟಕ ಬಡೀತಿರೋದು" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು.

ಒಂದು ದಿನ ನನ್ನ ಕಾರಿನ ಹಾರನ್ ಸರಿಮಾಡಿ, ಹಿಂದಿನ ಚಕ್ರದ ಬಳಿ ಹೋಗಿ ಕೂತು, "ಒತ್ತಿ ನೋಡಿ" ಎಂದರು. ಒತ್ತಿದೆ. ರಸ್ತೆಯಲ್ಲಿ ಹೋಗುತ್ತಿದ್ದ ದನವೊಂದು ಬೆದರಿ ಓಡಿತು.

"ಒತ್ತಿ ವಕೀಲ್ರೇ," ಎಂದರು ಮತ್ತೆ, ನನಗೆ ಬೆನ್ನು ಹಾಕಿಕೊಂಡೇ.

ನಾನು ಒತ್ತುತ್ತಲೇ ಇದ್ದೆ…

ತಿರುಗಿ ನನ್ನ ಮುಖ ನೋಡಿದವರಿಗೆ ಎಲ್ಲ ಅರ್ಥವಾಯಿತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಕಿವಿ ಹೋಗಿ ಸುಮಾರು ವರ್ಷ ಆಯ್ತು. ನೀವು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಳ್ತೇನೆ. ಎಂಜಿನ್ ಹಲ್ಲಿಗೆ ಕೇಳ್ತದೆ, ಅದ್ರಲ್ಲಿ ಮೋಸ ಇಲ್ಲ. ಆದ್ರೆ ಯಾರಿಗೂ ಹೇಳ್ಬೇಡಿ ಮಾರಾಯ್ರೇ. ಮನೆಯವರ ಹೊಟ್ಟೆಪಾಡು ಈ ಶೆಡ್ಡಿಂದ ನಡೀತಿದೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಪರರ ಗುಟ್ಟು ಕಾಯುವುದೇ ನನ್ನ ಕಸುಬು ತಾನೇ.

ಆರು ತಿಂಗಳೂ ತಡೆಯಲಿಲ್ಲ ನನ್ನ ನಾಲಿಗೆ. ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಯಾರೋ ಸಾಹೇಬರ ಕೆಲಸವನ್ನು ಹೊಗಳಿದರು. ನಾನು ಒಂದು ಕೈ ಮೇಲೆ ಹೋಗಬೇಡವೇ? "ಅವರಿಗೆ ಕಿವಿಯೇ ಕೇಳಿಸುವುದಿಲ್ಲ, ಹಲ್ಲಿನಲ್ಲೇ ಎಂಜಿನ್ ಓದ್ತಾರೆ" ಎಂದುಬಿಟ್ಟೆ. ಎಲ್ಲರೂ ಬೆರಗಾದರು. ನನಗೂ ಹೆಮ್ಮೆಯಾಯಿತು. ಸಂಜೆಯ ಬಸ್ಸುಗಳಲ್ಲಿ ಸುದ್ದಿ ಶೃಂಗೇರಿ, ನರಸಿಂಹರಾಜಪುರ ಎರಡನ್ನೂ ಮುಟ್ಟಿತು.

ಕಿಗ್ಗಕ್ಕೆ ಬಾಡಿಗೆ ಹೊಡೆಯುತ್ತಿದ್ದ ಟ್ಯಾಕ್ಸಿಯವನು ಮೊದಲು ಶೆಡ್ಡಿಗೆ ಬರುವುದನ್ನು ಬಿಟ್ಟ. "ಘಾಟಿ ಇಳಿಯೋ ಗಾಡಿ. ಕಿವಿ ಕೇಳದವರ ಕೈಗೆ ಹೆಂಗೆ ಕೊಡೋದು?" ಎಂದ. ನಂತರ ಒಬ್ಬೊಬ್ಬರೇ ಬಿಟ್ಟರು. ಅವರು ಮುಟ್ಟಿದ ಗಾಡಿ ದಾರಿಯಲ್ಲಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ, ಆದರೂ ಬಿಟ್ಟರು. ಒಂದೇ ವರ್ಷದಲ್ಲಿ ಶೆಡ್ಡಿನ ಎದುರು ನನ್ನ ಕಾರೊಂದೇ ಉಳಿಯಿತು.

ಶೆಡ್ ಮುಚ್ಚಿದ ದಿನ ಸಾಹೇಬರು ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತರು.

"ಇದು ನಿಮ್ಮ ಗಾಡೀಲೇ ಇರ್ಲಿ. ನೀವು ಹೊಗಳೋಕೆ ಹೇಳಿದ್ದು ಅಂತ ಗೊತ್ತು ನಂಗೆ."

ಹೇಳಿ ನನ್ನ ತುಟಿಗಳನ್ನೇ ನೋಡುತ್ತಾ ನಿಂತರು. ಹೋಟೆಲಿನಲ್ಲಿ ಅಷ್ಟು ಸಲೀಸಾಗಿ ಆಡಿದ್ದ ನನ್ನ ಬಾಯಿಂದ 'ತಪ್ಪಾಯ್ತು' ಎಂಬ ಒಂದು ಮಾತು ಹೊರಡಲಿಲ್ಲ. ತಲೆಯಾಡಿಸಿ ಹೋದರು. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಇನ್ಯಾವತ್ತೂ ಆಗಿಲ್ಲ.

ಮತ್ತೆ ಅವರನ್ನು ಕಂಡದ್ದು ಒಮ್ಮೆ ಮಾತ್ರ. ಯಾವುದೋ ಕೇಸಿನ ಮೇಲೆ ಬಸರೀಕಟ್ಟೆಯ ಕಡೆಯ ಒಂದು ಎಸ್ಟೇಟಿಗೆ ಹೋಗಿದ್ದೆ. ಅಲ್ಲಿ ಜೀಪುಗಳನ್ನು ತೊಳೆಯುತ್ತಿದ್ದರು. ತೊಳೆಯುವುದಷ್ಟೇ, ಬಾನೆಟ್ ಎತ್ತುವ ಕೆಲಸ ಬೇರೆಯವರದು. ನನ್ನನ್ನು ಕಂಡು ಬಂದು, ಚಾಲೂ ಇದ್ದ ನನ್ನ ಕಾರಿನ ಮೇಲೆ ಒದ್ದೆ ಅಂಗೈ ಇಟ್ಟರು.

"ಟ್ಯಾಪೆಟ್ ಬಡೀತಿದೆ. ಯಾರಿಗಾದ್ರೂ ತೋರ್ಸಿ," ಎಂದರು.

'ನೀವೇ ನೋಡಿ ಸಾಹೇಬ್ರೇ' ಎನ್ನಬಹುದಿತ್ತು. ಸ್ಕ್ರೂಡ್ರೈವರ್ ಡಿಕ್ಕಿಯಲ್ಲೇ ಇತ್ತು. ಜಗಲಿಯಲ್ಲಿ ಮ್ಯಾನೇಜರು ನೋಡುತ್ತಾ ನಿಂತಿದ್ದರೆಂದು ಸಂಕೋಚಪಟ್ಟು ಹೊರಟುಬಂದೆ… ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮಣ್ಣು ಮಾಡಿ ಎಷ್ಟೋ ದಿನಗಳಾದ ಮೇಲೆ.

ಅವತ್ತು ಆ ತರುಣರು ಹೋದ ಬಳಿಕ ಕಾರನ್ನು ಸ್ಟಾರ್ಟ್ ಮಾಡಿದೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯ ಮೇಲಿನ ಆ ಗುಳಿಗಳಲ್ಲೇ ನನ್ನ ಹಲ್ಲಿಟ್ಟು ಕಣ್ಣು ಮುಚ್ಚಿದೆ. ನನ್ನವು ಕಟ್ಟಿಸಿದ ಹಲ್ಲುಗಳು. ಸೆಟ್ಟು ಬಾಯೊಳಗೆ ಗಡಗಡ ಅಲುಗಿತೇ ಹೊರತು ಏನೂ ತಿಳಿಯಲಿಲ್ಲ. ಹಿಡಿಯನ್ನು ಬಾಯಿಂದ ತೆಗೆದೆ. ಟ್ಯಾಪೆಟ್ ಬಡಿಯುವುದು ಕಿವಿಗೇ ಕೇಳುತ್ತಿತ್ತು.

ಯಾರಿಗೆ ತೋರಿಸಲಿ.